ಸೀಸದ ಬಟ್ಟಲು

“ಏನೂಂದ್ರೆ, ಬಚ್ಚಲ ಗಾರೆ ಕುದೀತಾ ಐತೆ, ಬನ್ನಿ ಇಲ್ಲಿ” ಎಂದು ಇಂದ್ರಮ್ಮ ಹಿತ್ತಿಲಿನಿಂದ ಕೂಗಿದಾಗ ಶಂಕರಲಿಂಗಪ್ಪನ ಎಡ ಅಂಗೈಯಲ್ಲಿ ಲಿಂಗವಿತ್ತು, ಬಲಗೈ ಬೆರಳಲ್ಲಿ ಬಿಲ್ವದ ಎಸಳು. ಪೂಜೆಯ ನಡುವೆ ಏಳುವಂತಿಲ್ಲ, ಮಾತಾಡುವಂತಿಲ್ಲ. ಅವಳು ಕೂಗಿಗೆ ಹೆಸರಾದವಳು. ಮಾಡಿನಿಂದ ಹಲ್ಲಿ ಬಿದ್ದರೂ ಶಿರಾ ಪೇಟೆಯ ಅರ್ಧಕ್ಕೆ ಗೊತ್ತಾಗಬೇಕು. ಆದರೂ ಗಾರೆ ಕುದಿಯುತ್ತದೆ ಎಂಬ ಮಾತನ್ನು ಅವಳ ಬಾಯಲ್ಲಿ ಅವನು ಕೇಳಿರಲಿಲ್ಲ. ಕಣ್ಣನ್ನು ಲಿಂಗದ ಮೇಲೆ ನೆಟ್ಟ. ಅದಕ್ಕೆ ಮೆತ್ತಿದ ಕಂತೆಯ ಕಪ್ಪು ಹೊಳಪು ನೋಡುತ್ತ ನೋಡುತ್ತ ಬೇರೊಂದು ಕಪ್ಪಾಗಿ, ಬೆಳಿಗ್ಗೆ ತೇಜಾಬಿನ ಜಾಡಿಯಿಂದ ತೆಗೆದ ಬೆಂಡಿನ ಬಿರಡೆ ಕಣ್ಣೆದುರು ನಿಂತಿತು. ಸುಟ್ಟ ಇದ್ದಿಲಿನಂತಾಗಿತ್ತು ಅದು. ಮೊದಲು ತೇಜಾಬು ಮಾರುತ್ತಿದ್ದ ಫಕ್ರುದ್ದೀನ್ ಸಾಬರು ಕೊಡುತ್ತಿದ್ದ ಜಾಡಿಯ ಬಿರಡೆ ಒಮ್ಮೆಯೂ ಹಾಗಾಗಿರಲಿಲ್ಲ. ಆಗ, ಬೆಳಿಗ್ಗೆ, ಅದನ್ನು ನೋಡಿದ್ದೆನೇ? ನೋಡಿದ್ದೆ. ಬೆರಳಿಗೆ ಹತ್ತಿದ ಮಸಿಯನ್ನು ಗೋಡೆಗೆ ಒರೆಸಿಯೂ ಇದ್ದೆ. ಶಿವಶಿವಾ ಎಂದು ಎಸಳನ್ನು ಏರಿಸಿದ. ಎಸಳು ಜಾರಿ ತೊಡೆಯ ಮೇಲೆ ಬಿತ್ತು. ಹೇಗೋ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ಎದ್ದ.

ಹಿತ್ತಿಲಲ್ಲಿ ಇಂದ್ರಮ್ಮ ಸೀಸದ ಕೊಡವನ್ನು ಬೋರಲು ಹಾಕಿ ದೂರ ನಿಂತಿದ್ದಳು. ಸೋಡ ಮಿಷನ್ನಿಗೆ ಬೇಕಾದ ಗ್ಯಾಸು ಹುಟ್ಟುವುದು ಆ ಕೊಡದಲ್ಲಿ. ಅದರೊಳಗೆ ಸೋಡಪುಡಿ ಕದಡಿದ ನೀರು. ಮೇಲಿನಿಂದ ಒಂದು ಸೀಸದ ಬಟ್ಟಲು ತೇಜಾಬು, ಮುಟ್ಟಿದರೆ ಸುಡುವ ಗಂಧಕದ ಆಮ್ಲ. ಕೆಲಸ ಮುಗಿದ ಮೇಲೆ ಉಳಿಯುವುದು ಬರಿಯ ಉಪ್ಪುಪ್ಪು ಕಸರು. ಅದನ್ನು ಅವಳು ದಿನವೂ ಬಚ್ಚಲಿಗೆ ಚೆಲ್ಲಿ ಕೊಡ ತೊಳೆಯುತ್ತಾಳೆ. ಇವತ್ತು ಆ ಕಸರು ಬಿದ್ದ ಕಡೆಯೆಲ್ಲ ಸುಣ್ಣದ ಗಾರೆ ಬುಸುಗುಟ್ಟುತ್ತ ಬಿಳಿ ನೊರೆ ಕಾರುತ್ತಿತ್ತು.

“ನೋಡಿ, ನನ್ ಸೀರೆ ಸೆರಗು” ಎಂದು ಅವಳು ಎತ್ತಿ ತೋರಿಸಿದಳು. ಅಂಚಿನಲ್ಲಿ ತೂತುಗಳು ಕಾಣುತ್ತಿದ್ದವು. “ಇಷ್ಟು ದಿನ ಇಂಗೆ ಆಗಿತ್ತಾ? ಏನ್ ಹಾಕಿದ್ರಿ ಒಳಗೆ?”

“ಹಾಕೋದನ್ನೇ ಹಾಕಿದೀನಿ.”

“ಅಂಗಾರೆ ಇದ್ಯಾಕೆ ಹಿಂಗೆ ಬುಸುಗುಡ್ತೈತೆ?”

“ಸೋಡಪುಡಿ ತೇವ ಆಗಿತ್ತು. ಪುಡಿ ಕೆಟ್ರೆ ತೇಜಾಬು ಉಳ್ಕಂತೈತೆ, ಅಷ್ಟೇಯ. ನೀರು ಹುಯ್ಯಿ, ಸುಮ್ನಾಗ್ತೈತೆ” ಎಂದ. ಹೇಳುತ್ತಿರುವಾಗಲೇ ಆ ಮಾತು ಅವನಿಗೆ ಹಿತವಾಯಿತು. ಯುದ್ಧದ ಕಾಲ, ಯಾವ ಸಾಮಾನು ತಾನೇ ಸರಿಯಿದೆ? ಪುಡಿ ಕೆಟ್ಟಿದ್ದರೂ ಕೆಟ್ಟಿರಬಹುದು. ಇಂದ್ರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವಳು ಹಾಗೆ ನೋಡಿದಾಗ ಅವನಿಗೆ ತಾನು ಬೆತ್ತಲೆ ನಿಂತ ಹಾಗಾಗುತ್ತದೆ. “ಆ ಸೋಡ ಸಾಬ್ರ ಮನೆ ಮದ್ವೆಗೆ ಹೋಯ್ತಲ್ಲ” ಎಂದು ಅವಳು ಮೆಲ್ಲಗೆ ಅಂದಳು. ಕೂಗುವ ಹೆಂಗಸು ಮೆಲ್ಲಗೆ ಮಾತಾಡಿದರೆ ಅದಕ್ಕಿಂತ ಹೆದರಿಕೆ ಬೇರೆ ಇಲ್ಲ.

ಹೌದು, ಹೋಯಿತು. ಒಂದು ಬಾಟಲಿಯೂ ಉಳಿಯದ ಹಾಗೆ, ಗಾಡಿಯ ತುಂಬ. ಕೋಳಿ ಕೂಗುವ ಹೊತ್ತಿಗೆ ತಿಮ್ಮರಾಯಪ್ಪ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿ ಎತ್ತುಗಳನ್ನು ಗದರುತ್ತ ಅವಸರ ಮಾಡಿದ್ದ. ಹೇಳಿ ಕಳಿಸಿದ್ದವರು ಮಧುಗಿರಿಯ ಖಲೀಲುಲ್ಲಾ, ಗಂಡಿನ ತಂದೆ. ಇವನಿಗೂ ಸಾಬರಿಗೂ ಆದ ಶಿರಾದ ಜಗಳ ಮಧುಗಿರಿಗೆ ಹೇಗೆ ಗೊತ್ತಿರಬೇಕು? ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಫಕ್ರುದ್ದೀನನ ಚಪ್ಪರದಲ್ಲಿ, ಅವನ ನೆಂಟರಿಷ್ಟರ ಕೈಯಲ್ಲಿ, ತನ್ನ ಸೋಡ ಟಪ್ಪೆಂದು ಸದ್ದು ಮಾಡುವುದನ್ನು ನೆನೆದು ಶಂಕರಲಿಂಗಪ್ಪನಿಗೆ ಒಳಗೊಳಗೇ ಕಚಗುಳಿ ಇಟ್ಟ ಹಾಗಾಗಿತ್ತು. ಹಾಗಾಗಿ ಸ್ನಾನವಿಲ್ಲದೆ, ಪೂಜೆಯಿಲ್ಲದೆ ಮಿಷನ್ನಿನ ಮುಂದೆ ಕೂತ. ಬೆಂಗಳೂರಿನಿಂದ ನೇರವಾಗಿ ತರಿಸಿದ ಹೊಸ ಜಾಡಿ ಬಾಯಿ ತೆರೆದದ್ದು ಇವತ್ತೇ. ತೇಜಾಬು ಬಟ್ಟಲಿಗೆ ಇಳಿಯುವಾಗ ನೀರಿನಂತೆ ಸುರಿಯಲಿಲ್ಲ, ಹರಳೆಣ್ಣೆಯ ಹಾಗೆ ಮಂದವಾಗಿ, ಸದ್ದಿಲ್ಲದೆ ಇಳಿಯಿತು. ಬಟ್ಟಲು ಕೈಗೆ ಭಾರವೆನಿಸಿತು. ಮಿಷನ್ನು ಕೂರಿಸಲು ಬಂದಿದ್ದವನು ಆವತ್ತೇ ಹೇಳಿದ್ದ: “ತೇಜಾಬು ಗಟ್ಟಿ ಇದ್ದರೆ ಬಟ್ಟಲು ತುಂಬಬೇಡಿ, ನೀರಿಗೆ ಸ್ವಲ್ಪಸ್ವಲ್ಪ ಬಿಟ್ಟು ತಿಳಿ ಮಾಡಿಕೊಳ್ಳಿ, ಇಲ್ಲವೇ ಪುಡಿ ಹೆಚ್ಚಿಸಿ.” ಅಷ್ಟು ಗೊತ್ತಿದ್ದೂ ಕೈ ಎಂದಿನಂತೆ ಬಟ್ಟಲು ತುಂಬಿತು, ಎಂದಿನಂತೆ ಬಗ್ಗಿಸಿತು. ಕೊಡ ಗುಡುಗಿತು. ನೊರೆ ಎದ್ದು ಕೊಳವೆ ಹಿಡಿದು, ಗ್ಯಾಸು ತೊಳೆಯುವ ಗಾಜಿನ ಜಾಡಿಯೊಳಕ್ಕೆ ನುಗ್ಗಿ, ಅದರ ನೀರನ್ನೆಲ್ಲ ಕಲಕಿತು. ಆಚೆಗೂ, ಬಾಟಲಿಗಳ ಕಡೆಗೂ, ದಾಟಿತೇ? ಬೆಳಕು ಸಾಲದು, ಕಾಣಲಿಲ್ಲ. “ಏನ್ ಜೋರು ಐತೆ ಸ್ವಾಮಿ ಇವತ್ತು ಗ್ಯಾಸು!” ಎಂದು ತಿಮ್ಮರಾಯಪ್ಪ ಬೆರಗಾದ. ಆ ಬೆರಗು ಶಂಕರಲಿಂಗಪ್ಪನಿಗೆ ಇಷ್ಟವಾಯಿತು.

ದಿನವೂ ಮೊದಲ ಬಾಟಲಿಯನ್ನು ತಾನೇ ಒಡೆದು ಕುಡಿದು ನೋಡಿ, ನಾಲಿಗೆ ಒಪ್ಪಿದರೆ ಮಿಕ್ಕದ್ದನ್ನು ತುಂಬುವುದು ಅವನ ರೂಢಿ. ಇವತ್ತು ಪೂಜೆಯಾಗದೆ ಬಾಯಿಗೆ ತೊಟ್ಟು ನೀರು ಹಾಕುವಂತಿಲ್ಲ. ತಿಮ್ಮರಾಯಪ್ಪನಿಗೆ ಕೊಟ್ಟು ನೋಡಬಹುದಿತ್ತು. ಅದು ಹೊಳೆಯಲಿಲ್ಲ. ಹೊಳೆಯಲಿಲ್ಲವೇ? ಈಗ ಶಂಕರಲಿಂಗಪ್ಪ ಗಾಜಿನ ಜಾಡಿಯ ಹತ್ತಿರ ಹೋಗಿ ಅದರಲ್ಲಿ ಉಳಿದಿದ್ದ ನೀರಿಗೆ ಬೆರಳದ್ದಿದ. ನಾಲಿಗೆಗೆ ತಾಗಿಸುವ ಮೊದಲೇ ಬೆರಳ ಸಂದಿಯ ಹಳೆಯ ಗಾಯ ಚುರುಗುಟ್ಟಿತು. ಬೆರಳನ್ನು ಪಂಚೆಗೆ ಒರೆಸಿಕೊಂಡ. ಗಾಯಕ್ಕೆ ಏನು ತಾಗಿದರೂ ಉರಿಯುತ್ತದೆ ಎಂದುಕೊಂಡ.

ಜಗಳ ಶುರುವಾದದ್ದು ಸಂತೆಯಲ್ಲಿ, ಒಂದು ಕ್ಷುಲ್ಲಕ ಮಾತಿಗೆ. ಫಕ್ರುದ್ದೀನ್ ಸಾಬರು ಕಂಬಳಿ ವ್ಯಾಪಾರದವರ ಜೊತೆ ಕೂತು ಇವನ ಸೋಡ ಕುಡಿಯುತ್ತ, “ಮೊದ್ಲಿನ್ ಖದರ್ ಇಲ್ಲ ಶಂಕ್ರಲಿಂಗಪ್ನೋರೇ, ಸಪ್ಪೆ” ಎಂದು ನಕ್ಕರು. ಜೊತೆಗಿದ್ದವರೂ ನಕ್ಕರು. ಅದರಲ್ಲಿ ವಿಷವೇನೂ ಇರಲಿಲ್ಲ. ಎಷ್ಟೋ ವರ್ಷಗಳಿಂದ ತೇಜಾಬು ಕೊಡುವವರು, ಸಲಿಗೆಯ ಮಾತು. ಇವನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. “ನೀರು ಬೆರೆಸಿದ ತೇಜಾಬು ಕೊಟ್ರೆ ಸಪ್ಪೆ ಆಗ್ದೆ ಇನ್ನೇನಾಗ್ತೈತೆ? ಬೆಂಗಳೂರಿಂದ ಬರೋದು ಬೆಣ್ಣೆ ತರ ಬತ್ತೈತಂತೆ, ನಿಮ್ಮನೆ ಹಿತ್ತಿಲು ದಾಟೋ ಹೊತ್ಗೆ ಮಜ್ಜಿಗೆ!” ಎಂದು ಇಡೀ ಸಂತೆಗೆ ಕೇಳುವಂತೆ ಕಿರುಚಿದ. ಕಂಡದ್ದೇನೂ ಇಲ್ಲ, ಬಸ್ಸಿನ ಡ್ರೈವರು ಹೇಳಿದ್ದೊಂದು ಮಾತು, ಅಷ್ಟೇ. ಸಾಬರ ಮುಖ ಸುಣ್ಣದಂತೆ ಬಿಳುಪೇರಿತು. ಎದ್ದು ನಿಂತು, ಟೋಪಿ ಸರಿಮಾಡಿಕೊಂಡು, “ಒಂದ್ ತೊಟ್ಟು ನೀರು ಹಾಕಿದ್ರೆ, ನನ್ ಮಗಳ ಮದ್ವೆ ನನ್ ಕಣ್ಣಿಂದ ನೋಡೋ ನಸೀಬು ಬ್ಯಾಡ ನಂಗೆ” ಎಂದು ಆಣೆಯಿಟ್ಟು ಹೊರಟುಹೋದರು. ಅವತ್ತಿನಿಂದ ಊರಿನವರು ಇವನನ್ನೇ ಒಂದು ಥರ ನೋಡತೊಡಗಿದರು. ಹೆಣ್ಣುಮಗಳ ಮೇಲೆ ಆಣೆಯಿಟ್ಟವನನ್ನು ಯಾರು ನಂಬುವುದಿಲ್ಲ? ಮಠದ ದಾರಿಯಲ್ಲಿ ಸಿಕ್ಕ ಮಲ್ಲಿಕಾರ್ಜುನಯ್ಯನವರಂಥ ಹಿರಿಯರೂ “ಬಾಯಿ ಬಿಗಿ ಹಿಡೀಬೇಕು ಕಣಪ್ಪ” ಎಂದಿದ್ದರು. ಅವತ್ತು ಶಂಕರಲಿಂಗಪ್ಪ ದೇವರಲ್ಲಿ ಬೇಡಿದ್ದೊಂದೇ: ಸಾಬರು ನೀರು ಹಾಕಿದ್ದು ನಿಜವಾಗಲಿ, ಎಲ್ಲರ ಎದುರಿಗೆ ಬಯಲಾಗಲಿ.

ಈಗ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಬಿಸಿಲಲ್ಲಿ ಪೇಟೆ ಬೀದಿ ಹಿಡಿದು ಹೋಗುತ್ತ ಅವನು ಅದೇ ದೇವರಲ್ಲಿ ತಿರುಗಾಮುರುಗಾ ಬೇಡುತ್ತಿದ್ದ. ಹಾಕಿರಲಿಲ್ಲ ಅನ್ನಲಿ ತಂದೇ, ಒಂದು ತೊಟ್ಟೂ ಹಾಕಿರಲಿಲ್ಲ ಅನ್ನಲಿ. ಹಾಕಿಲ್ಲವಾದರೆ ಹಳೆಯ ತೇಜಾಬೂ ಹೊಸದೂ ಒಂದೇ, ಅಳತೆ ಸರಿ, ಕೆಟ್ಟದ್ದು ಸೋಡಪುಡಿ. ಮದುವೆಗೆ ಬಂದವರು ಕುಡಿದು ತೇಗಿ ಹರಸಿ ಹೋಗುತ್ತಾರೆ. ಹಾಕಿದ್ದರೆ, ಆ ಅಳತೆಯಲ್ಲಿ ಹುಟ್ಟಿದ ನೊರೆ ಬಾಟಲಿಯವರೆಗೂ ಹೋಗಿರಬಹುದು. ಬಾಣಂತಿಯರು, ಮುದುಕರು, ಮದುವಣಗಿತ್ತಿ ಗೌಹರ್ ಕೂಡ ಬಾಯಿಗಿಟ್ಟುಕೊಳ್ಳುವ ಬಾಟಲಿ. ಗಂಟಲು ಹಿಡಿದುಕೊಂಡು ಯಾರಾದರೂ ನೆಲಕ್ಕೆ ಬಿದ್ದರೆ, ಪಂಚಾಯಿತಿ ಕೂಡಿಸಬೇಕಾಗಿಯೇ ಇಲ್ಲ. ಸಂತೆಯಲ್ಲಿ ಬೈದವನು, ಮದುವೆಗೆ ವಿಷ ಕಳಿಸಿದ: ಮಗುವೂ ಕೂಡಿಸಿ ಹೇಳೀತು. ಹಾಗೆ ಅಂದರೆ ಅದು ಸುಳ್ಳು ಎಂದು ಎದೆ ತಟ್ಟಿ ಹೇಳಲು ತನಗೆ ಬರುತ್ತದೆಯೇ? ಬಿರಡೆ ಕಪ್ಪಾಗಿದ್ದನ್ನು ಕಂಡ ಕಣ್ಣು ತನ್ನದೇ. ಬಟ್ಟಲು ಭಾರವಾದದ್ದು ತನ್ನ ಕೈಗೇ. ಯಾರ ಮನೆಯ ಮದುವೆ ಎಂಬುದು ಆ ಕೈಗೆ ಗೊತ್ತಿತ್ತೋ? ಎದುರಿಗೆ ತಿಮ್ಮರಾಯಪ್ಪನ ಖಾಲಿ ಗಾಡಿ ಬಂತು. “ಎಲ್ಲಾ ಇಳ್ಸಿ ಬಂದ್ಬುಟ್ಟೆ ಸ್ವಾಮಿ. ನೀರ್ ತೊಟ್ಟೀಲಿ ಇಟ್ಟು ಗೋಣಿ ಹೊದ್ಸವ್ರೆ. ನಿಖಾ ಆದ್ಮ್ಯಾಕೆ ಹಂಚ್ತಾರಂತೆ. ನೀವೂ ಮದ್ವೆಗಾ?” ಎಂದು ಕೇಳಿದ. ಅವನ ದನಿಯಲ್ಲಿ ಆಶ್ಚರ್ಯವಿತ್ತು. ಶಂಕರಲಿಂಗಪ್ಪ ಹೂಂ ಎಂದೋ ಊಹೂಂ ಎಂದೋ ತಲೆಯಾಡಿಸಿದ. ನಿಖಾ ಇನ್ನೂ ಆಗಿಲ್ಲ ಎಂಬುದೊಂದೇ ಅವನಿಗೆ ಕೇಳಿಸಿದ್ದು. ಕಾಲು ಬಿರುಸಾಯಿತು.

ಸಾಬರ ಮನೆಯ ಮುಂದೆ ಹಸಿರು ಗರಿಯ ಚಪ್ಪರ, ಒಳಗಿನಿಂದ ಹೆಂಗಸರ ಹಾಡು, ಬಿರಿಯಾನಿಯ ದೇಗಿಸಿಗಳ ಹೊಗೆ. ಆ ಘಾಟಿಗೆ ಅವನು ಮುಖ ತಿರುಗಿಸಿದ, ಅದಕ್ಕೂ ನಾಚಿಕೊಂಡ. ಚಪ್ಪರದ ಪಕ್ಕದಲ್ಲಿ ಹೊಸದಾಗಿ ಸುಣ್ಣ ಬಳಿದ ಕಟ್ಟೆ, ಕಟ್ಟೆಗೆ ತಾಗಿದಂತೆ ನೀರಿನ ತೊಟ್ಟಿ, ತೊಟ್ಟಿಯಲ್ಲಿ ಒದ್ದೆ ಗೋಣಿಯ ಕೆಳಗೆ ತನ್ನ ಬಾಟಲಿಗಳು. ಕುತ್ತಿಗೆಯಲ್ಲಿ ಗೋಲಿ ಸಿಕ್ಕಿಸಿಕೊಂಡು ಸುಮ್ಮನೆ ಮಲಗಿದ್ದವು. ಒಂದನ್ನು ಒಡೆದು ಕುಡಿದು ನೋಡಿದರೆ ಮುಗಿಯಿತಲ್ಲ ಎಂದು ಬುದ್ಧಿ ಹೇಳಿತು. ಬೇರೆಯವರ ಮದುವೆಗೆ ಬಂದ ಸಾಮಾನಿಗೆ ಕೈ ಹಾಕುವುದೇ, ನೋಡಿದವರು ಏನಂದಾರು ಎಂದು ಅದೇ ಬುದ್ಧಿ ತಡೆಯಿತು. ಅಷ್ಟರಲ್ಲಿ ಫಕ್ರುದ್ದೀನ್ ಸಾಬರೇ ಅವನನ್ನು ಕಂಡು ಬಂದರು. ಬಿಳಿ ಶೇರ್ವಾನಿ, ಕಣ್ಣಿಗೆ ಸುರುಮ, ಕಿವಿಯಲ್ಲಿ ಅತ್ತರಿನ ಹತ್ತಿ. ಜಗಳದ ಗುರುತೇ ಇಲ್ಲದಂತೆ ನಕ್ಕು, “ಬನ್ನಿ ಬನ್ನಿ ಶಂಕ್ರಲಿಂಗಪ್ನೋರೇ. ಕರೀಬೇಕಾಗಿತ್ತು ನಾನೇ ಬಂದು, ಬಾಯಿ ಬರ್ಲಿಲ್ಲ. ನೀವೇ ದೊಡ್ಡವರಾದ್ರಿ” ಎಂದು ಕೈ ಹಿಡಿದುಕೊಂಡರು. ಆ ಹಿಡಿತದಲ್ಲಿ ನಿಜವಾದ ಪ್ರೀತಿಯಿತ್ತು. ಶಂಕರಲಿಂಗಪ್ಪ ಆ ಕೈ ಬಿಡಿಸಿಕೊಳ್ಳದೆಯೇ ಕೇಳಿಬಿಟ್ಟ.

“ಸಾಬ್ರೇ, ನೀವು ಕೊಡ್ತಿದ್ದ ತೇಜಾಬಿಗೆ ನೀರು ಹಾಕ್ತಿದ್ರಾ?”

ಹಿಡಿದ ಕೈ ಸಡಿಲವಾಯಿತು. “ಇವತ್ತು ಅದೇ ಕೇಳೋಕ್ ಬಂದ್ರಾ? ಮಗಳ ಮದ್ವೆ ದಿನ?”

“ಬಯ್ಯಕ್ ಬಂದಿಲ್ಲ. ಹಾಕಿರ್ಲಿಲ್ಲ ಅನ್ನಿ, ನಿಮ್ ಕಾಲಿಗ್ ಬಿದ್ದು ಹೊರಟೋಗ್ತೀನಿ. ಹಾಕಿದ್ರೆ ಎಷ್ಟು ಅಂತ ಹೇಳಿ.” ತೊಟ್ಟಿಯ ಕಡೆ ಕೈ ತೋರಿಸಿದ. “ಅದಕ್ಕೆ ಹಾಕಿರೋದು ಬೆಂಗಳೂರಿಂದ ನಾನೇ ತರ್ಸಿದ ತೇಜಾಬು. ನಿಮ್ಮದಕ್ಕೆ ಹಾಕ್ತಿದ್ದ ಬಟ್ಲನ್ನೇ ಇದಕ್ಕೂ ಹಾಕ್ಬುಟ್ಟೆ. ಬಚ್ಚಲ ಗಾರೆ ಕುದೀತೈತೆ ಮನೇಲಿ.”

ಸಾಬರು ತೊಟ್ಟಿಯ ಕಡೆ ನೋಡಿದರು. ಆಮೇಲೆ ಹೆಂಗಸರ ಹಾಡು ಬರುತ್ತಿದ್ದ ಬಾಗಿಲ ಕಡೆ. ಇಷ್ಟು ವರ್ಷ ತೇಜಾಬು ಮಾರಿದವರಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಸುಳ್ಳು ಹೇಳಲಿ ಎಂದು ಶಂಕರಲಿಂಗಪ್ಪ ಅವರ ತುಟಿಯನ್ನೇ ನೋಡುತ್ತಿದ್ದ. ಒಂದು ಸಣ್ಣ ‘ಇಲ್ಲ’. ಆ ಆಣೆ ಉಳಿಯುತ್ತದೆ, ಈ ಮದುವೆ ಉಳಿಯುತ್ತದೆ, ತಾನೂ ಉಳಿಯುತ್ತೇನೆ. ಆಮೇಲೆ ಆಗುವುದು ದೇವರ ಪಾಲಿಗೆ. ಅಷ್ಟರಲ್ಲಿ ಮಧುಗಿರಿಯ ಖಲೀಲುಲ್ಲಾ ತಮ್ಮ ಕಡೆಯ ಹಿರಿಯರೊಂದಿಬ್ಬರ ಜೊತೆ ಅಲ್ಲಿಗೇ ಬಂದರು. ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ. “ಏನ್ ಮಾಮಲಾ ಬೀಗರೇ? ನಮ್ ಸೋಡ ತಣ್ಣಗಾಯ್ತಾ? ಬಿಸಿಲು ಜೋರೈತೆ, ಹಿರಿಯರಿಗೆ ಒಂದೊಂದು ಈಗ್ಲೇ ಕೊಡ್ಸಿ” ಎಂದು ಗೋಣಿಗೆ ಕೈ ಹಾಕಿದರು.

ಸಾಬರು ಆ ಕೈಯನ್ನು ಹಿಡಿದುಕೊಂಡರು. “ಸೋಡ ಬ್ಯಾಡ ಬೀಗರೇ. ಶರಬತ್ ಐತೆ, ಸಾಕು.”

“ಬ್ಯಾಡಾ?” ಖಲೀಲುಲ್ಲಾ ಅವರ ನಗು ನಿಂತಿತು. “ಗಂಡಿನ ಕಡೆಯಿಂದ ಬಂದಿದ್ದು ಇದು. ಹೆಣ್ಣಿನ ಮನೇಲಿ ಇದನ್ನ ಬ್ಯಾಡ ಅಂದ್ರೆ ನಾವ್ ಏನ್ ತಿಳ್ಕೋಬೇಕು?” ಎಂದವರು ಶಂಕರಲಿಂಗಪ್ಪನ ಕಡೆ ತಿರುಗಿದರು. “ಮಾಡಿದವ್ರು ನೀವಲ್ವಾ? ಏನಾಗೈತೆ ಇದಕ್ಕೆ?”

ಈಗ ಹೇಳಬೇಕು. ತಪ್ಪು ನನ್ನದು, ಅಳತೆ ನಾನು ಬದಲಿಸಲಿಲ್ಲ, ಕಂಡೂ ಬದಲಿಸಲಿಲ್ಲ. ಮಾತೆಲ್ಲ ಎದೆಯಲ್ಲಿ ಸಾಲಾಗಿ ನಿಂತಿತ್ತು. ಸಂತೆಯಲ್ಲಿ ಅಷ್ಟು ಗಂಟಲು ಕೊಟ್ಟ ದೇವರು ಈಗ ಒಂದು ಪಿಸುಮಾತನ್ನೂ ಕೊಡಲಿಲ್ಲ.

“ಅವರನ್ ಕೇಳಬ್ಯಾಡಿ” ಎಂದರು ಸಾಬರು. ಎಲ್ಲರಿಗೂ ಕೇಳುವಷ್ಟು, ಅದಕ್ಕಿಂತ ಒಂದಿಷ್ಟೂ ಜಾಸ್ತಿಯಲ್ಲದ ದನಿ. “ನಾನು ಇವ್ರಿಗೆ ಮಾರ್ತಿದ್ದ ತೇಜಾಬಿಗೆ ನೀರು ಹಾಕ್ತಿದ್ದೆ. ಅರ್ಧಕ್ಕರ್ಧ. ಲಾಭಕ್ಕೇ ಹಾಕ್ತಿದ್ದೆ, ಇನ್ನೇತಕ್ಕೂ ಅಲ್ಲ. ಇವ್ರ ಬಟ್ಲು ನನ್ ನೀರಿಗೆ ಒಗ್ಗಿ ಹೋಗಿತ್ತು. ಇವತ್ತು ಅಸಲಿ ತೇಜಾಬು ಹಾಕಿದಾರೆ, ಅದಕ್ಕೆ ಅಳತೆ ಹೆಚ್ಚಾಯ್ತು. ಇದನ್ ಯಾರೂ ಕುಡೀಬಾರ್ದು.”

ಸಂತೆಯ ಆಣೆಯನ್ನು ಕೇಳಿದ್ದವರು ಅಲ್ಲಿ ಬೇಕಾದಷ್ಟು ಜನ ಇದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಲೀಲುಲ್ಲಾ ತಮ್ಮವರನ್ನು ಕರೆದುಕೊಂಡು ಒಳಗೆ ನಡೆದರು. ಬಯಲಾಯಿತು. ಶಂಕರಲಿಂಗಪ್ಪ ಬೇಡಿದ್ದು, ಬೇಡಿದ ಹಾಗೆಯೇ, ಎಲ್ಲರ ಎದುರಿಗೆ. ಗೆದ್ದವನಿಗೆ ತಲೆಯೆತ್ತಲು ಆಗಲಿಲ್ಲ.

ಸಾಬರು ಶೇರ್ವಾನಿಯ ತೋಳು ಮಡಿಸಿ ಕಟ್ಟೆಯ ಅಂಚಿಗೆ ಕೂತರು. ಗೋಣಿ ಸರಿಸಿ ಒಂದು ಬಾಟಲಿ ಎತ್ತಿ, ಹೆಬ್ಬೆರಳಿನಿಂದ ಗೋಲಿ ಒತ್ತಿದರು. ಟಪ್ಪೆಂದಿತು. ಬಗ್ಗಿಸಿದರು. ಹೊಸ ಸುಣ್ಣದ ಮೇಲೆ ನೊರೆ ಬುಸುಗುಟ್ಟುತ್ತ ಹರಡಿತು. ಇನ್ನೊಂದನ್ನು ಎತ್ತಿದರು. ಶಂಕರಲಿಂಗಪ್ಪ ಪಕ್ಕದಲ್ಲಿ ಕೂತು ತಾನೂ ಒಂದನ್ನು ತೆಗೆದುಕೊಂಡ. ಇಬ್ಬರೂ ಒಡೆದು ಸುರಿಯುತ್ತ ಹೋದರು. ಒಳಗೆ ಹಾಡು ನಿಂತಿತ್ತು. ಅದು ಮತ್ತೆ ಶುರುವಾಗುವುದೋ ಇಲ್ಲವೋ ಎಂದು ಇಬ್ಬರ ಕಿವಿಯೂ ಅತ್ತಲೇ ಇತ್ತು.

“ಒಂದ್ ಕೇಳ್ತೀನಿ” ಎಂದರು ಸಾಬರು, ಬಾಟಲಿಯಿಂದ ಕಣ್ಣೆತ್ತದೆ. “ತೇಜಾಬು ಗಟ್ಟಿ ಐತೆ ಅಂತ, ಹಾಕೋವಾಗ ಗೊತ್ತಿತ್ತಾ?”

“ಗೊತ್ತಿತ್ತು.”

“ನನ್ ಮನೆ ಮದ್ವೆ ಅಂತ?”

“ಅದೂ ಗೊತ್ತಿತ್ತು.”

“ಎರಡೂ ಒಟ್ಟಿಗೆ ಗೊತ್ತಿತ್ತಾ?”

ಬೀದಿಯುದ್ದಕ್ಕೂ ತಾನು ಕೇಳಿಕೊಳ್ಳಲು ಹೆದರಿ ಸುತ್ತಿಬಳಸಿ ಬಂದ ಪ್ರಶ್ನೆಯನ್ನು ಈ ಮನುಷ್ಯ ಹೀಗೆ ನೇರವಾಗಿ ಮುಂದಿಟ್ಟರು. ಶಂಕರಲಿಂಗಪ್ಪ ತನ್ನ ಬಲಗೈಯನ್ನು ನೋಡಿದ. “ಗೊತ್ತಿಲ್ಲ ಸಾಬ್ರೇ” ಎಂದ.

“ಮೊದಲ್ನೇ ಸಲ ನೀರು ಹಾಕಿದಾಗ ನಾನೂ ಅಂಗೇ ಅಂದ್ಕೊಂಡೆ” ಎಂದರು ಸಾಬರು. ವ್ಯಂಗ್ಯವಿರಲಿಲ್ಲ ಅದರಲ್ಲಿ. ಒಳಗಿನಿಂದ ಯಾರೋ ಹೆಣ್ಣಿನ ತಂದೆಯನ್ನು ಕರೆದರು. ಖಾಜಿ ಬಂದು ಕೂತಿದ್ದರು, ಗಂಡಿನ ಕಡೆಯವರೂ ಕೂತಿದ್ದರು. ಸಾಬರು ಎದ್ದರು, ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು. ಬಾಗಿಲ ಬಳಿ ಒಂದು ಗಳಿಗೆ ನಿಂತರು. ಆಣೆಯ ಮಾತು ನೆನಪಾಯಿತೇನೋ. ಆಮೇಲೆ ತಲೆ ತಗ್ಗಿಸಿ ಒಳಗೆ ಹೋದರು. ನೆಲ ನೋಡಿಕೊಂಡೇ ಹೋದರು.

ಉಳಿದ ಬಾಟಲಿಗಳನ್ನು ಶಂಕರಲಿಂಗಪ್ಪ ಒಬ್ಬನೇ ಒಡೆದ. ಪ್ರತಿಯೊಂದಕ್ಕೂ ಬಗ್ಗಿ ನೋಡಿದ: ಬುಸುಗುಡುವುದು ಗ್ಯಾಸೋ, ಸುಣ್ಣವೋ? ಒಮ್ಮೆ ಸುಣ್ಣ ಎದ್ದುಬಂದ ಹಾಗೆ ಕಾಣುತ್ತದೆ, ಒಮ್ಮೆ ಬರಿಯ ನೀರಿನಂತೆ ಸುಮ್ಮನಾಗುತ್ತದೆ. ಸೋಡ ಚೆನ್ನಾಗಿಯೇ ಇದ್ದಿರಬಹುದು. ಹಾಗಿದ್ದರೆ ಒಬ್ಬ ಮನುಷ್ಯನ ಮಾನ ಸುಮ್ಮನೆ ಹೋಯಿತು. ಕೊನೆಗೆ ತೊಟ್ಟಿಯ ತಳದಲ್ಲಿ ಒಂದು ಬಾಟಲಿ ಉಳಿಯಿತು. ಗೋಲಿ ಒತ್ತಿದ. ಟಪ್ಪೆಂದಿತು. ಒಂದು ಗುಟುಕು ಸಾಕು, ನಾಲಿಗೆ ಹೇಳಿಬಿಡುತ್ತದೆ. ಎಷ್ಟೋ ವರ್ಷ ಪಳಗಿದ ನಾಲಿಗೆ ಅದು. ಬಾಟಲಿಯನ್ನು ತುಟಿಯವರೆಗೆ ತಂದ. ಗ್ಯಾಸಿನ ಸಣ್ಣ ಹನಿಗಳು ಮೂಗಿಗೆ ಸಿಡಿದವು. ಪೂಜೆ ಆಗಿತ್ತು. ಕುಡಿಯಲು ಯಾವ ಅಡ್ಡಿಯೂ ಇರಲಿಲ್ಲ. ಒಳಗೆ ಹೆಂಗಸರ ಹಾಡು ಮತ್ತೆ ಶುರುವಾಯಿತು, ಮೊದಲು ಒಂದೇ ಕೊರಳು, ಆಮೇಲೆ ಇನ್ನಷ್ಟು. ಕೈ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಬೆಳಿಗ್ಗೆ ತನ್ನನ್ನು ತಡೆದದ್ದು ಪೂಜೆಯಲ್ಲ ಎಂದು ಶಂಕರಲಿಂಗಪ್ಪನಿಗೆ ಆಗ ತಿಳಿಯಿತು. ಅವನು ಬಾಟಲಿಯನ್ನು ಬಗ್ಗಿಸಿ, ಕಟ್ಟೆಯ ಕಡೆ ನೋಡದೆ, ಕೊನೆಯ ಹನಿಯವರೆಗೂ ಸುರಿದ.